ಇಟಲಿಯ ಕಾರ್ಮೆಲಾ, ಅಂಕಲಗಿಯ ನಮ್ಮವ್ವ

ಅಮೆರಿಕದಲ್ಲಿರುವ ರೋಸ್ಮರಿ ಎಂಬಾಕೆಯ ಮುತ್ತಜ್ಜಿಯ ಹೆಸರು ನನಗೆ ಗೊತ್ತು. ಆ ಮುತ್ತಜ್ಜಿಯ ಅಪ್ಪನ ಹೆಸರು ಗೊತ್ತು. ಇಟಲಿಯ ಯಾವ ಹಳ್ಳಿಯಿಂದ ಹೊರಟಳು, ಎಷ್ಟು ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತಿದಳು ಎಂಬುದೂ ಗೊತ್ತು. ನನ್ನನ್ನು ಹೆತ್ತ ತಾಯಿಯ ಹೆಸರು ಮಾತ್ರ ಕಳೆದ ತಿಂಗಳವರೆಗೆ ನನಗೆ ಗೊತ್ತಿರಲಿಲ್ಲ.

ನಗಬೇಡಿ. ಪೂರ್ತಿ ಓದಿದ ಮೇಲೆ ಬೇಕಾದರೆ ನಗುವಿರಂತೆ.

ಒಂದು ಬೆಳಿಗ್ಗೆ ನಾನು ಪೇಪರ್ ಹಿಡಿದು ಕೂತಿದ್ದೆ. ಎಂಬತ್ನಾಲ್ಕರ ನಮ್ಮವ್ವ ಗೇಟು ತೆಗೆದುಕೊಂಡು ರಸ್ತೆಗಿಳಿದಳು. ಗೋಕಾಕದಲ್ಲಿ ನಮ್ಮ ಮನೆ ಇರುವುದು ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಓಡಾಡುವ ರಸ್ತೆಯ ಬದಿಗೆ. "ಅವ್ವಾ" ಎಂದು ಕೂಗಿದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಯಾರದೋ ಅವ್ವನನ್ನು ಯಾರೋ ಕರೆಯುತ್ತಿದ್ದಾರೆ ಅನ್ನುವ ಹಾಗೆ ನಡೆಯುತ್ತಲೇ ಇದ್ದಳು. ನನ್ನ ಹೆಂಡತಿ ಒಳಗಿನಿಂದ ಓಡಿ ಬಂದು "ಸುಶೀಲಾಬಾಯಿ" ಎಂದು ಕೂಗಿದಳು (ಮದುವೆಯಾಗಿ ಇಷ್ಟು ವರ್ಷಕ್ಕೆ ಅತ್ತೆಯನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು). ಅದಕ್ಕೂ ತಿರುಗಲಿಲ್ಲ.

ಕಿವಿ ಚೆನ್ನಾಗಿಯೇ ಇದೆ. ಅಡುಗೆಮನೆಯಲ್ಲಿ ಉಂಡಿ ಡಬ್ಬಿಯ ಮುಚ್ಚಳ ತೆಗೆದರೆ ಪಡಸಾಲೆಯಲ್ಲಿ ಕೂತವಳಿಗೆ ಗೊತ್ತಾಗುತ್ತದೆ. ನಾನು ಓಡಿ ಹೋಗಿ ರಟ್ಟೆ ಹಿಡಿದು ನಿಲ್ಲಿಸಿದೆ. ಟ್ರ್ಯಾಕ್ಟರ್ ನಮ್ಮಿಬ್ಬರ ಬದಿಯಿಂದಲೇ ಹೋಯಿತು. ಡ್ರೈವರ್ ಬೈದದ್ದು ನನ್ನನ್ನು. ಅದು ನ್ಯಾಯವೇ.

ಎಲ್ಲಿಗೆ ಹೊರಟಿದ್ದೆ ಎಂದು ಕೇಳಿದರೆ ಮನೆಗೆ ಎಂದಳು. ಯಾವ ಮನೆಗೆ ಎಂದರೆ ರಸ್ತೆಯ ಕಡೆ ಕೈ ತೋರಿಸಿದಳು.

ಡಾಕ್ಟರು ಪರಿಚಯದವರು. ಮರೆವಿನ ಕಾಯಿಲೆ ಎಂದು ಹೋದ ವರ್ಷವೇ ಹೇಳಿದ್ದರು. ಈ ಸಲ ಇನ್ನೊಂದು ಮಾತು ಸೇರಿಸಿದರು. ಇತ್ತೀಚಿನದು ಮೊದಲು ಅಳಿಸಿ ಹೋಗುತ್ತದಂತೆ, ಹಳೆಯದು ಕೊನೆಯವರೆಗೂ ಉಳಿಯುತ್ತದಂತೆ. "ಈಗ ಅವರು ಸಣ್ಣ ಹುಡುಗಿ ಆಗ್ಯಾರ್ರಿ. ಸಣ್ಣಾಕಿ ಇದ್ದಾಗ ಏನಂತ ಕರೀತಿದ್ರೋ ಹಂಗ ಕರದ ನೋಡ್ರಿ, ನಿಂತರೂ ನಿಲ್ಲಬಹುದು" ಎಂದರು.

ಸುಶೀಲಾ ಅಂತ ಅದನ್ನೇ ಕರೆದೆವಲ್ಲ ಎಂದು ನಾನು ಹೇಳಿದೆ. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಮಳ್ಳನನ್ನು ನೋಡುವ ನೋಟ ಅದು. "ಅದು ಲಗ್ನದಾಗ ಇಟ್ಟ ಹೆಸರ್ರಿ" ಎಂದಳು.

ದೂರದ ಜಿಲ್ಲೆಗಳ ಓದುಗರಿಗಾಗಿ ಸ್ವಲ್ಪ ವಿವರಣೆ. ನಮ್ಮ ಕಡೆ ಅನೇಕ ಮನೆತನಗಳಲ್ಲಿ ಮದುವೆಯ ದಿನ ಹುಡುಗಿಯ ಅಡ್ಡಹೆಸರಷ್ಟೇ ಅಲ್ಲ, ಇಟ್ಟ ಹೆಸರೂ ಬದಲಾಗುತ್ತದೆ. ತಾಟಿನಲ್ಲಿ ಅಕ್ಕಿ ಹರಡುತ್ತಾರೆ. ವರ ತನ್ನ ಉಂಗುರದಿಂದ ಆ ಅಕ್ಕಿಯಲ್ಲಿ ಹೊಸ ಹೆಸರು ಬರೆಯುತ್ತಾನೆ. ಎಲ್ಲರೂ ಬಗ್ಗಿ ಓದಿ ಖುಷಿಪಡುತ್ತಾರೆ. ಆಮೇಲೆ ಅಕ್ಕಿಯನ್ನು ಚೀಲಕ್ಕೆ ಸುರಿಯುತ್ತಾರೆ, ಹೆಸರು ಹುಡುಗಿಯ ಮೇಲೆ ಉಳಿಯುತ್ತದೆ. ನಾನೂ ಬರೆದವನೇ. ಮಲ್ಲವ್ವ ಎಂಬ ಹುಡುಗಿಯನ್ನು ಸಂಧ್ಯಾ ಮಾಡಿದ ಪುಣ್ಯಾತ್ಮ ನಾನು. ಅಂದು ನನಗದು ಭಾರೀ ಮಾಡರ್ನ್ ಅನಿಸಿತ್ತು.

ಹಾಗಾದರೆ ಅವ್ವನ ಮೊದಲಿನ ಹೆಸರೇನು? ಅರವತ್ನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಅವ್ವನಿಗೆ ಅವ್ವ ಎಂಬ ಹೆಸರು ಸಾಕಾಗುವುದಿಲ್ಲ ಎಂದು ಯಾರಿಗೆ ಹೊಳೆಯುತ್ತದೆ? ಡಾಕ್ಟರ ಎದುರು ನಾಚಿಕೆಯಾಯಿತು. ಏಕೆಂದರೆ ಆ ವಾರವಷ್ಟೇ ಅದೇ ಕುರ್ಚಿಯಲ್ಲಿ ಕೂತು, ಅಮೆರಿಕದ ಒಬ್ಬಾಕೆಯ ಮುತ್ತಜ್ಜಿಯನ್ನು ಹುಡುಕಿ ಕೊಟ್ಟೆ ಎಂದು ಅವರಿಗೆ ಕೊಚ್ಚಿಕೊಂಡಿದ್ದೆ.

ಆ ಕಥೆಯನ್ನೂ ಹೇಳಿಬಿಡುತ್ತೇನೆ. ನಾನು ಹುಕ್ಕೇರಿಯ ನೋಂದಣಿ ಕಚೇರಿಯಲ್ಲಿ ನಕಲು ಗುಮಾಸ್ತನಾಗಿದ್ದು ರಿಟೈರ್ ಆದವನು. ಹಳೆಯ ಖರೀದಿ ಪತ್ರ, ಆಸ್ತಿ ಪಾಲಾದ ವಾಟ್ನಿ ಪತ್ರಗಳನ್ನು ಓದಿ ನಕಲು ತೆಗೆಯುವುದೇ ಕೆಲಸ. ಎಂಥ ಕೆಟ್ಟ ಅಕ್ಷರವಿದ್ದರೂ ಓದುತ್ತೇನೆ, ಅದೊಂದೇ ವಿದ್ಯೆ. ರಿಟೈರ್ ಆದ ಮೇಲೆ ಆ ವಿದ್ಯೆಗೆ ಕೆಲಸವಿಲ್ಲದೆ ಒದ್ದಾಡುತ್ತಿದ್ದಾಗ ಇಂಟರ್ನೆಟ್‌ನಲ್ಲಿ ಒಂದು ಸೈಟ್ ಸಿಕ್ಕಿತು. ಹಳೆಯ ಹಡಗುಗಳ ಪ್ರಯಾಣಿಕರ ಪಟ್ಟಿ, ಚರ್ಚಿನ ಪುಸ್ತಕಗಳ ಫೋಟೊ ಹಾಕಿರುತ್ತಾರೆ. ಜಗತ್ತಿನ ಯಾವ ಮೂಲೆಯವರಾದರೂ ಓದಿ ಟೈಪ್ ಮಾಡಿಕೊಡಬಹುದು. ಪಗಾರ ಇಲ್ಲ. ನನಗೆ ಇಷ್ಟವಾಯಿತು.

ಅಲ್ಲಿಯೇ ರೋಸ್ಮರಿ ಸಿಕ್ಕಿದ್ದು. ಕಲ್ಲಿದ್ದಲ ಗಣಿಯಿದ್ದ ಸಣ್ಣ ಊರಿನಲ್ಲಿ ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತಿದ್ದು ಈಗ ಆಕೆಯೂ ರಿಟೈರ್. ಊರಿನ ಇತಿಹಾಸ ಬರೆಯುತ್ತಿದ್ದಾಳೆ. ಯಾವ ಓಣಿಯಲ್ಲಿ ಯಾವ ಇಟಲಿಯ ಕುಟುಂಬ ಬಂದು ಇಳಿಯಿತು, ಯಾರು ಗಣಿಗೆ ಹೋದರು, ಯಾರು ಬ್ರೆಡ್ಡಿನ ಅಂಗಡಿ ಇಟ್ಟರು, ಎಲ್ಲ. ಗೋಕಾಕ ಫಾಲ್ಸಿನ ಮಿಲ್ಲಿನ ಮನೆಗಳಲ್ಲಿ ಯಾವ ಯಾವ ಊರಿನವರು ಬಂದು ನೆಲೆಸಿದರು ಎಂದು ಯಾರಾದರೂ ಬರೆದಿಟ್ಟರೆ ಹೇಗಿರುತ್ತದೋ ಹಾಗೆ. (ಬರೆದಿದ್ದಾರೆಯೇ? ಇದ್ದರೆ ತಿಳಿಸಿ.)

ಊರಿನವರೆಲ್ಲ ಸಿಕ್ಕರೂ ಆಕೆಯ ಸ್ವಂತ ಮುತ್ತಜ್ಜಿ ಸಿಗುತ್ತಿರಲಿಲ್ಲ. ಗೋರಿಯ ಕಲ್ಲಿನ ಮೇಲೆ 'ಮೇರಿ, ಟೋನಿ ಮರೀನೋನ ಹೆಂಡತಿ' ಎಂದಿದೆ, ಅಷ್ಟೇ. ಹಡಗಿನ ಪಟ್ಟಿಯಲ್ಲಿ ಮೇರಿ ಮರೀನೋ ಎಂಬಾಕೆಯೇ ಇಲ್ಲ. ನಾಲ್ಕು ಮಕ್ಕಳು ಮಾತ್ರ ಇವೆ, ತಾಯಿಯಿಲ್ಲದೆ ಸಮುದ್ರ ದಾಟಿದ ಹಾಗೆ.

ನಾನು ಆ ಹಾಳೆಯನ್ನು ದೊಡ್ಡದು ಮಾಡಿ ನೋಡಿದೆ. ಮಕ್ಕಳ ಹೆಸರಿನ ಮೇಲೆ ಬೇರೆ ಅಡ್ಡಹೆಸರಿನ ಒಬ್ಬ ಹೆಂಗಸು, ಕಾರ್ಮೆಲಾ ಫೆರಾರೋ. ಎಲ್ಲರೂ ಆಕೆಯನ್ನು ಪರಕೀಯಳೆಂದು ಬಿಟ್ಟಿದ್ದರು. ಎಡಗಡೆಯ ಅಂಚಿನಲ್ಲಿ ಐದೂ ಸಾಲುಗಳನ್ನು ಸೇರಿಸಿ ಒಂದು ಸೊಟ್ಟ ಗೆರೆ ಎಳೆದಿತ್ತು. ಹಳೆಯ ಪತ್ರಗಳಲ್ಲಿ ಒಂದೇ ಹೊಲದ ಪಾಲುದಾರರನ್ನು ಹೀಗೇ ಗೆರೆ ಹಾಕಿ ಕೂಡಿಸುತ್ತಿದ್ದರು. ಅಂಥ ಗೆರೆ ನಾನು ಸಾವಿರ ನೋಡಿದ್ದೇನೆ. ಇವರೆಲ್ಲ ಒಂದೇ ಮನೆಯವರು ಎಂದು ರೋಸ್ಮರಿಗೆ ಬರೆದೆ. ಖರೆಯೇ ಆಗಿತ್ತು. ಇಟಲಿಯ ಕಾಗದಪತ್ರದಲ್ಲಿ ಹೆಣ್ಣು ಸಾಯುವವರೆಗೂ ತವರಿನ ಹೆಸರಿನಲ್ಲೇ ಇರುತ್ತಾಳಂತೆ. ಅಮೆರಿಕದಲ್ಲಿ ಇಳಿದ ಮೇಲೆಯೇ ಕಾರ್ಮೆಲಾ ಹೋಗಿ ಮೇರಿ ಆದದ್ದು, ಫೆರಾರೋ ಹೋಗಿ ಮರೀನೋ ಆದದ್ದು. ವಿಡಿಯೋ ಕಾಲಿನಲ್ಲಿ ರೋಸ್ಮರಿ ಅತ್ತಳು. ನಾನು ಹೆಮ್ಮೆಯಿಂದ ಚಹಾ ಕುಡಿದೆ.

ಇಂಥ ಪಂಡಿತನಿಗೆ ಈಗ ಸ್ವಂತ ಅವ್ವನ ಹೆಸರು ಬೇಕಾಗಿತ್ತು. ಟ್ರ್ಯಾಕ್ಟರ್ ಮತ್ತೆ ಬರುವುದರೊಳಗೆ.

ಮೊದಲು ಅವ್ವನನ್ನೇ ಕೇಳಿದೆ. ಪಕ್ಕದಲ್ಲಿ ಕೂತು, ನಿನ್ನ ಹೆಸರೇನು ಎಂದು ಮೆತ್ತಗೆ ಕೇಳಿದೆ. ನನ್ನನ್ನು ಅನುಮಾನದಿಂದ ನೋಡಿದಳು. "ನಮ್ಮಪ್ಪ ಹೊಲಕ ಹೋಗ್ಯಾನ. ಬಂದ ಮ್ಯಾಲ ಕೇಳ್ರಿ" ಎಂದಳು. ಗುರುತಿಲ್ಲದ ಗಂಡಸಿಗೆ ಹೆಸರು ಹೇಳುವ ಹುಡುಗಿ ಅಲ್ಲ ಅವಳು.

ಮನೆಯ ಕಾಗದ ಎಲ್ಲ ತೆಗೆದೆ. ರೇಷನ್ ಕಾರ್ಡು, ಆಧಾರ್, ಓಟಿನ ಚೀಟಿ ಎಲ್ಲದರಲ್ಲೂ ಸುಶೀಲಾ. ಅಂಕಲಗಿಯ ತವರುಮನೆಯ ವಾಟ್ನಿ ಪತ್ರ ಇತ್ತು, ಅದರಲ್ಲಿ ಹೆಣ್ಣುಮಕ್ಕಳ ಸುದ್ದಿಯೇ ಇಲ್ಲ. ಆಮೇಲೆ ಅವಳು ಹಕ್ಕು ಬಿಟ್ಟುಕೊಟ್ಟ ಪತ್ರವೂ ಇತ್ತು, ಅದರಲ್ಲಿ ಮತ್ತೆ ಸುಶೀಲಾ. ಸಾಲೆಯ ಮೆಟ್ಟಿಲು ಹತ್ತಿದವಳಲ್ಲ, ಅಲ್ಲಿಯ ರಜಿಸ್ಟರೂ ಇಲ್ಲ.

ಹೆಳವನನ್ನು ಕೇಳೋಣ ಅನಿಸಿತು. ಮನೆತನಗಳ ವಂಶಾವಳಿ ಇಟ್ಟುಕೊಂಡು ಊರೂರು ತಿರುಗುವವರು ಹೆಳವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ನಮ್ಮವ ಈಗ ಬೈಕಿನ ಮೇಲೆ ಬರುತ್ತಾನೆ. ಫೋನ್ ಮಾಡಿದರೆ ಮೂಡಲಗಿಯ ನಮ್ಮ ಹಳೆಯ ಮನೆಗೇ ಬಂದ. ನನ್ನ ಕಾಕಾನ ಮಗ ಈಗ ಅಲ್ಲಿರುತ್ತಾನೆ. ಹೆಳವ ಪುಸ್ತಕ ಬಿಚ್ಚಿ ನಮ್ಮ ಏಳು ತಲೆಮಾರನ್ನು ಉಸಿರು ತೆಗೆಯದೆ ಹೇಳಿದ. ಇವನು ಇವನ ಮಗ, ಅವನು ಅವನ ಮಗ. (ಈ ಪಟ್ಟಿಯನ್ನು ಹಿಂದೊಮ್ಮೆ ರೋಸ್ಮರಿಗೆ ಕಳಿಸಿದ್ದೆ. ನಿಮ್ಮ ವಂಶದಲ್ಲಿ ಗಂಡಸರೇ ಗಂಡಸರನ್ನು ಹೆತ್ತಿದ್ದಾರೆ, ಅಭಿನಂದನೆ ಎಂದು ಉತ್ತರ ಬಂದಿತ್ತು.)

ನಮ್ಮವ್ವನ ಹೆಸರು ಕೇಳಿದರೆ ಸುಶೀಲಾ ಎಂದ. ಮೊದಲಿನದು? "ಅದು ಅವರ ತವರಿನ ಹೆಳವನ ಕಡೆ ಕೇಳಬೇಕ್ರಿ" ಎಂದು ನಂಬರ್ ಕೊಟ್ಟ. ಅಂಕಲಗಿಯ ಹೆಳವ ಫೋನಿನಲ್ಲಿಯೇ ಪುಸ್ತಕ ತಿರುವಿ ನೋಡಿದ. ಅವ್ವನ ಅಪ್ಪ ಬಸಪ್ಪನಿಗೆ ಗಂಡು ಮೂವರು, ಹೆಸರು ಸಹಿತ. ಹೆಣ್ಣು ಎರಡು, ಹೆಸರಿಲ್ಲ. "ಕೊಟ್ಟ ಮನಿ ಪುಸ್ತಕದಾಗ ಇರತೈತ್ರಿ" ಎಂದ.

ಅಂದರೆ ನಮ್ಮವ್ವ ಎರಡು ಪುಸ್ತಕಗಳ ನಡುವೆ ಎಲ್ಲೋ ಬಿದ್ದು ಹೋಗಿದ್ದಳು. ಆ ಹೆಳವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾವು ಹೇಳಿದ್ದನ್ನು ಅವರು ಬರೆದುಕೊಂಡಿದ್ದಾರೆ. ನಮ್ಮ ಮೇಲೆ ಬಂತು.

ಬಸ್ ಹಿಡಿದು ಅಂಕಲಗಿಗೆ ಹೋದೆ. ಅಲ್ಲಿ ನಾನು ಮಾಡಿದ ಕೆಲಸ ಕೇಳಿದರೆ ನೀವು ನನ್ನ ಪೆನ್ಶನ್ ನಿಲ್ಲಿಸಬೇಕೆನ್ನುತ್ತೀರಿ. ಅರ್ಧ ದಿನ ಮುದುಕರ ಕಟ್ಟೆ ಕಟ್ಟೆ ಅಲೆದು, ಬಸಪ್ಪನ ಮಗಳು ಸುಶೀಲಾಬಾಯಿಯನ್ನು ಬಲ್ಲಿರಾ ಎಂದು ಕೇಳಿದೆ. ಆ ಊರಿನಲ್ಲಿ ಸುಶೀಲಾ ಎಂಬಾಕೆ ಹುಟ್ಟಿಯೇ ಇರಲಿಲ್ಲ. ಆ ಹೆಸರು ಹುಟ್ಟಿದ್ದು ಮದುವೆಯ ತಾಟಿನಲ್ಲಿ. ಮೇರಿಯನ್ನು ಇಟಲಿಯಲ್ಲಿ ಹುಡುಕಿದ ಹಾಗಾಯಿತು.

ನಮ್ಮಪ್ಪ ಎಂದೋ ಹೋದ, ಸೋದರಮಾವಂದಿರು, ಅವ್ವನ ಒಡಹುಟ್ಟಿದಾಕೆ ಯಾರೂ ಉಳಿದಿಲ್ಲ. ಮಾವನ ಮಗನನ್ನು ಕೇಳಿದರೆ, ನಾವು ಅವರನ್ನು ಮೂಡಲಗಿ ಅತ್ತಿ ಅಂತಿದ್ದೆವು, ಹೆಸರು ಯಾರಿಗೆ ಗೊತ್ತು ಎಂದ. ಅದೂ ಸರಿಯೇ. ಮೂಡಲಗಿಯಲ್ಲಿ ಅವಳು ಅಂಕಲಗಿಯಾಕಿ, ಅಂಕಲಗಿಯಲ್ಲಿ ಮೂಡಲಗಿಯಾಕಿ. ಎರಡು ಊರಿಗೂ ಅವಳು ಬೇರೆ ಊರಿನವಳೇ. ಬರಿಗೈಯಲ್ಲಿ ಬಸ್ ಹತ್ತಿದೆ.

ಅದೇ ವಾರ ಅವ್ವ ಇನ್ನೊಮ್ಮೆ ಗೇಟು ತೆಗೆದಳು. ಈ ಸಲ ಪಕ್ಕದ ಮನೆಯವರು ಹಿಡಿದು ತಂದರು. ಗೇಟಿಗೆ ಬೀಗ ಹಾಕೋಣ ಎಂದೆ. "ತವರಿಗೆ ಹೊಂಟಾಕಿನ್ನ ಕೀಲಿ ಹಾಕಿ ಕೂಡಿಸ್ತೀರೇನ್ರಿ?" ಎಂದು ಹೆಂಡತಿ ಕೇಳಿದಳು. ಆಮೇಲೆ ಕಾಯಿಪಲ್ಲೆ ಹೆಚ್ಚುತ್ತ ತಲೆ ಎತ್ತದೆ ಇನ್ನೊಂದು ಮಾತು ಹೇಳಿದಳು. "ನಂದೂ ಎಲ್ಲ್ಯಾರ ಬರದಿಡ್ರಿ. ಮುಂದ ಮಕ್ಕಳು ಹುಡಕ್ಯಾಡೂದು ಬ್ಯಾಡ."

ನಾನು ಬರೆದಿಟ್ಟೆ. ತಮಾಷೆಯಲ್ಲ, ಆ ಕ್ಷಣವೇ ಡೈರಿಯಲ್ಲಿ ಬರೆದಿಟ್ಟೆ.

ಮರುದಿನ ಬೆಳಿಗ್ಗೆ ರೋಸ್ಮರಿಯ ಕಾಲ್ ಬಂತು (ಅವರಿಗೆ ಆಗ ಸಂಜೆ). ಎಲ್ಲವನ್ನೂ ಹೇಳಿಕೊಂಡೆ. ಆಕೆ ನನಗೆ ಸಮಾಧಾನ ಹೇಳಲಿಲ್ಲ, ಪಾಠ ಹೇಳಿದಳು. ಯಾರಾದರೂ ಸಿಗದಿದ್ದರೆ ಅವರನ್ನು ಹುಡುಕುವುದು ಬಿಡಬೇಕಂತೆ. ಅವರ ಅಕ್ಕಪಕ್ಕದವರನ್ನು ಹುಡುಕಬೇಕಂತೆ. ಒಂದೇ ಹಡಗಿನಲ್ಲಿ ಬಂದವರು, ಬಾಜೂ ಮನೆಯವರು, ಮದುವೆಗೆ ಸಾಕ್ಷಿ ನಿಂತವರು. ನೀನು ಕಾರ್ಮೆಲಾಳನ್ನು ಹಿಡಿದದ್ದು ಹೇಗೆ, ಕೆಳಗಿನ ಸಾಲಿನ ಮಕ್ಕಳಿಂದ ಅಲ್ಲವೇ ಎಂದಳು. ಸ್ವಂತ ಮನೆಯ ವಿಷಯ ಬಂದಾಗ ಎಲ್ಲರೂ ವಿದ್ಯೆ ಮರೆಯುತ್ತಾರೆ ಎಂದೂ ಹೇಳಿದಳು. ಆಕೆಗೂ ಹಾಗೇ ಆಗಿತ್ತಲ್ಲ.

ಮತ್ತೆ ಅಂಕಲಗಿಗೆ ಹೋದೆ. ಈ ಸಲ ಅವ್ವನ ಬಗ್ಗೆ ಏನೂ ಕೇಳಲಿಲ್ಲ. ಬಸಪ್ಪನ ಮನೆಯ ಬಾಜೂ ಯಾರಿದ್ದರು ಎಂದು ಕೇಳಿದೆ. ಕುರಿ ಕಾಯುವ ಒಂದು ಮನೆತನ, ಈಗಲೂ ಅಲ್ಲಿಯೇ ಇದೆ. ಮೊಮ್ಮಕ್ಕಳು ಹೊಲವನ್ನೂ ಮಾಡುತ್ತಾರೆ, ಕುರಿಯನ್ನೂ ಬಿಟ್ಟಿಲ್ಲ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ, ಹೊರಗೆ ಕೊಟ್ಟ ಹೆಣ್ಣುಮಕ್ಕಳು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ನಲವತ್ತರ ಹರೆಯದ ಮೊಮ್ಮಗ ಸ್ವಲ್ಪ ಯೋಚಿಸಿ ಹೇಳಿದ. "ನಮ್ಮಜ್ಜನ ತಂಗಿ ಒಬ್ಬಾಕಿ ಅದಾಳ್ರಿ. ಹುಕ್ಕೇರಿಗೆ ಕೊಟ್ಟಾರ."

ಹುಕ್ಕೇರಿ ಎಂದರೆ ನಾನು ಇಪ್ಪತ್ತೆರಡು ವರ್ಷ ನೌಕರಿ ಮಾಡಿದ ಊರು. ವಿಳಾಸ ಹಿಡಿದು ಹೋದರೆ ಅದು ನಾನು ದಿನಾ ಚಹಾ ಕುಡಿಯುತ್ತಿದ್ದ ಅಂಗಡಿಯ ಹಿಂದಿನ ಓಣಿ. ಇಪ್ಪತ್ತೆರಡು ವರ್ಷ ಆ ಓಣಿಯ ಬಾಯಿಗೆ ನಿಂತು ಬೇರೆಯವರ ಅಜ್ಜ ಮುತ್ತಜ್ಜರ ಹೆಸರು ನಕಲು ಮಾಡುವ ವಿಷಯ ಮಾತಾಡಿದ್ದೇನೆ. ಹಣೆ ಚಚ್ಚಿಕೊಳ್ಳಬೇಕು ಅನಿಸಿತು.

ಅಜ್ಜಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಕಣ್ಣು ಮಸುಕು, ಕೈ ಮಾತ್ರ ಮಷೀನಿನ ಹಾಗೆ ಓಡುತ್ತಿತ್ತು. ಸೊಸೆ ಬಾಗಿಲಲ್ಲಿ ನಿಂತು ಯಾರು ಬೇಕಾಗಿತ್ತು ಎಂದು ಕೇಳಿದಳು. ನಾನು ಅಂಕಲಗಿ ಬಸಪ್ಪನ ಮಗಳ ಮಗ ಎಂದೆ.

"ಯಾವ ಮಗಳ?" ಅಜ್ಜಿ ಕೇಳಿದಳು.

"ಮೂಡಲಗಿಗೆ ಕೊಟ್ಟಾಕಿ."

ಶೇಂಗಾ ಸುಲಿಯುವ ಕೈ ನಿಂತಿತು. "ಲಗಮವ್ವನ ಮಗ ಏನೋ ನೀ?"

ನಾನು ಹೌದು ಎಂದೆ. ಹೌದೋ ಅಲ್ಲವೋ ನನಗೇನು ಗೊತ್ತಿತ್ತು? ಆದರೂ ಹೌದು ಎಂದೆ. ಕಣ್ಣಲ್ಲಿ ನೀರು ಬಂತು. ಸೊಸೆ ಒಳಗೆ ಹೋಗಿ ನೀರಿನ ತಂಬಿಗೆ ತಂದು ಕೊಟ್ಟಳು.

ಅಜ್ಜಿ ಹೇಳುತ್ತ ಹೋದಳು. ಇಬ್ಬರೂ ಕೂಡಿಯೇ ಕುರಿಮರಿ ಮೇಯಿಸಲು ಹೋಗುತ್ತಿದ್ದರಂತೆ. ಲಗಮವ್ವ ಕಣ್ಣು ಮುಚ್ಚಾಲೆಯಲ್ಲಿ ಮೋಸ ಮಾಡುತ್ತಿದ್ದಳಂತೆ. ಹೆರಿಗೆಗೆ ಬಂದಾಗ ಒಂದೆರಡು ಸಲ ಸಿಕ್ಕಿದ್ದರು, ಆಮೇಲೆ ಇಲ್ಲ. ಎಲ್ಲ ಹೇಳಿ ಮುಗಿಸಿ, ಬದುಕಿದ್ದಾಳೆಯೇ ಎಂದು ಕೇಳಿದಳು. ಇದ್ದಾಳೆ ಎಂದೆ. ಮರೆವಿನ ವಿಷಯ ಹೇಳಲು ಬಾಯಿ ಬರಲಿಲ್ಲ.

"ಹೊಳೆವ್ವ ಕೇಳ್ಯಾಳಂತ ಹೇಳು" ಎಂದಳು.

ಸೊಸೆಗೆ ಆಶ್ಚರ್ಯ. ಈ ಮನೆಯಲ್ಲಿ ಅಜ್ಜಿಯ ಹೆಸರು ಶಾಂತಾಬಾಯಿ. ಹೊಳೆವ್ವ ಯಾರು ಎಂದು ನನ್ನನ್ನು ಕೇಳಿದಳು. ನಾನು ಅವಳ ಅತ್ತೆಯ ಕಡೆ ಕೈ ತೋರಿಸಿದೆ. ಮೂವತ್ತು ವರ್ಷದಿಂದ ಒಂದೇ ಒಲೆಯಲ್ಲಿ ರೊಟ್ಟಿ ಬಡಿದವರು ಇಬ್ಬರೂ.

ಮರುದಿನ ಬೆಳಿಗ್ಗೆ ಅವ್ವ ಎದ್ದು ಸೀರೆ ಸರಿಮಾಡಿಕೊಂಡು ಗೇಟಿನ ಕಡೆ ಹೊರಟಳು. ಹೆಂಡತಿ ತಡೆಯಲು ಹೋದಳು, ನಾನು ಬೇಡ ಎಂದು ಸನ್ನೆ ಮಾಡಿದೆ. ರಸ್ತೆ ಖಾಲಿಯಿದೆ ಎಂದು ನೋಡಿಕೊಂಡೇ ಮಾಡಿದೆ, ಅಷ್ಟು ಬುದ್ಧಿ ಬಂದಿತ್ತು. ಅವ್ವ ಗೇಟು ದಾಟಿ ನಾಲ್ಕು ಹೆಜ್ಜೆ ಹೋದಳು. ಹೆತ್ತ ತಾಯಿಯನ್ನು ಹೆಸರು ಹಿಡಿದು ಕೂಗಲು ನಾಲಿಗೆ ತಡವರಿಸಿತು. ಕೂಗಿದೆ.

"ಲಗಮವ್ವಾ."

ನಿಂತಳು. ತಿರುಗಿದಳು. ಓ ಎಂದಳು. ಅಷ್ಟು ಎಳೆಯ ದನಿಯನ್ನು ಅವಳ ಬಾಯಿಂದ ನಾನು ಎಂದೂ ಕೇಳಿರಲಿಲ್ಲ. ತಾನಾಗಿಯೇ ಗೇಟಿನೊಳಗೆ ಬಂದಳು. ಹೊಳೆವ್ವ ಕೇಳಿದ್ದಾಳೆ ಎಂದು ಹೇಳಿದೆ. ಮುಖ ಅರಳಿತು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ದೊಡ್ಡವರಿಗೆ ಕೊಡುವ ಮರ್ಯಾದೆ ಕೊಟ್ಟು ಕೇಳಿದಳು.

"ಯಾರ ಪೈಕಿರಿ ನೀವು?"

ಹೆಂಡತಿಯೇ ಹೇಳಿದಳು, "ನಿಮ್ಮ ಮಗಾ ರೀ ಇವರು."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನಂದಿನ್ನೂ ಲಗ್ನಾನ ಆಗಿಲ್ಲಲ್ಲ, ತಂಗಿ."

ಈಗ ಮನೆಯಲ್ಲಿ ಎಲ್ಲರೂ ಅವಳನ್ನು ಲಗಮವ್ವ ಎಂದೇ ಕರೆಯುತ್ತೇವೆ. ಕರೆದರೆ ಬರುತ್ತಾಳೆ, ಉಣ್ಣುತ್ತಾಳೆ, ಗೇಟಿನ ಹತ್ತಿರ ಹೋದವಳು ತಿರುಗಿ ಬರುತ್ತಾಳೆ. ಡಾಕ್ಟರಿಗೆ ಸಂತೋಷ, ಹೆಂಡತಿಗೆ ನಿಶ್ಚಿಂತೆ. ಅವ್ವ ಎಂದು ಕರೆದರೆ ಮಾತ್ರ ತಿರುಗುವುದಿಲ್ಲ. ಒಳಗೆ ಚುರುಕ್ ಅನ್ನುತ್ತದೆ, ಸುಳ್ಳು ಏಕೆ ಹೇಳಲಿ? ಆದರೆ ತಕರಾರು ಮಾಡುವುದು ಯಾರ ಹತ್ತಿರ?

ಇನ್ನೂ ಲಗ್ನವೇ ಆಗದ ಹುಡುಗಿಗೆ ಅರವತ್ನಾಲ್ಕರ ಮಗ ಎಲ್ಲಿಂದ ಬರಬೇಕು, ನೀವೇ ಹೇಳಿ?